ನಡುರಾತ್ರಿ ಮೇಲೆ ಏಳದ ಕೈ

ಭತ್ತದ ಕೊಯ್ಲು ಮುಗಿಯಿತೆಂದರೆ ಶಿರಸಿ ಸೀಮೆಯಲ್ಲಿ ಹೊನಲು ಬೆಳಕಿನ ವಾಲಿಬಾಲ್ ಶುರು. ಅದರ ಬೆನ್ನಿಗೇ ನನ್ನ ಫಿಸಿಯೋಥೆರಪಿ ಕೋಣೆಗೆ ಭುಜ ಹಿಡಿದುಕೊಂಡು ಹುಡುಗರು ಬರುತ್ತಾರೆ. ಹೆಚ್ಚಿನವರು ಸ್ಮ್ಯಾಶ್ ಹೊಡೆಯುವವರು. "ಸುರುವಿಗೆ ಎಂತದೂ ಇಲ್ಲ ಸರ್, ನಡುರಾತ್ರಿ ಮೇಲೆ ಕೈಯೇ ಏಳೋದಿಲ್ಲ" ಅನ್ನುತ್ತಾರೆ. ಆ ಮಾತೇ ನನಗೆ ಮುಖ್ಯ. ದಣಿದ ಮೇಲೆ ಬರುವ ನೋವು ಅಂದರೆ ಭುಜ ಒಂದನ್ನೇ ನೋಡಿದರೆ ಸಾಲದು.

ಅಂಗಿ ಬಿಚ್ಚಿಸಿ, ಎರಡೂ ಕೈಗೆ ಸಣ್ಣ ತೂಕ ಕೊಟ್ಟು, ನಿಧಾನಕ್ಕೆ ಎತ್ತಿ ಇಳಿಸಲು ಹೇಳುತ್ತೇನೆ. ನಾನು ಹಿಂದೆ ನಿಂತು ನೋಡುವುದು ಸ್ಕ್ಯಾಪುಲಾವನ್ನು, ಅಂದರೆ ಬೆನ್ನ ಮೇಲಿನ ಚಪ್ಪಟೆ ರೆಕ್ಕೆ ಎಲುಬನ್ನು. ಕೈ 180 ಡಿಗ್ರಿ ಮೇಲೇರುವಾಗ ಸುಮಾರು 60 ಡಿಗ್ರಿ ಈ ಎಲುಬು ತಿರುಗಿ ಸಿಗುವಂಥದ್ದು. ತೊಂದರೆ ಇದ್ದವರಲ್ಲಿ, ಅದರಲ್ಲೂ ಕೈ ಇಳಿಸುವಾಗ, ಅದರ ಒಳ ಅಂಚು ಎದ್ದು ಕಾಣುತ್ತದೆ. ನೋವೇ ಇಲ್ಲದ ಆಟಗಾರರಲ್ಲೂ ಇದು ಕಾಣುವುದುಂಟು, ಹಾಗಾಗಿ ನೋಡಿದ ತಕ್ಷಣ ತೀರ್ಮಾನ ಮಾಡುವುದಿಲ್ಲ. ಎಲುಬನ್ನು ನನ್ನ ಕೈಯಿಂದ ತಿರುಗಿಸಿ ಕೊಟ್ಟು ಇನ್ನೊಮ್ಮೆ ಎತ್ತಿಸುತ್ತೇನೆ. ಆಗ ನೋವು ಇಳಿದರೆ ದಾರಿ ಸಿಕ್ಕಿತು.

ಆಮೇಲೆ ಸೈಡ್ ಪ್ಲ್ಯಾಂಕ್, ಅಂದರೆ ಪಕ್ಕಕ್ಕೆ ತಿರುಗಿ ಒಂದು ಮೊಣಕೈ ಊರಿ ಮೈಯನ್ನು ನೇರವಾಗಿ ಎತ್ತಿ ಹಿಡಿಯುವುದು. ಭುಜ ನೋವಿಗೆ ಇದ್ಯಾಕೆ ಅಂತ ಮುಖ ನೋಡುತ್ತಾರೆ. ಆ ಎಲುಬನ್ನು ಪಕ್ಕೆಗೆ ಒತ್ತಿ ಹಿಡಿಯುವ ಸೆರೇಟಸ್ ಸ್ನಾಯುವಿನ ಹಲ್ಲಿನಂಥ ತುದಿಗಳೂ ಹೊಟ್ಟೆಯ ಓರೆ ಸ್ನಾಯುವಿನ ತುದಿಗಳೂ ಪಕ್ಕೆಲುಬಿನ ಮೇಲೆ ಒಂದರೊಳಗೊಂದು ಹೆಣೆದುಕೊಂಡಿವೆ. ಹೊಟ್ಟೆ, ಸೊಂಟದ ಸ್ನಾಯು ಸೋತರೆ ಸೆರೇಟಸ್‌ನ ಪಾಡು ಬುಡ ಅಲುಗುವ ಏಣಿ ಮೇಲೆ ನಿಂತು ದೋಟಿ ಹಿಡಿದ ಹಾಗೆ. ಹೊಡೆತದ ಬಲವನ್ನೆಲ್ಲ ಭುಜವೇ ತರಬೇಕಾಗುತ್ತದೆ. ಆರೋಗ್ಯವಂತ ಯುವಕರು ಸರಾಸರಿ ಒಂದೂವರೆ ನಿಮಿಷ ಸೈಡ್ ಪ್ಲ್ಯಾಂಕ್ ಹಿಡಿಯುತ್ತಾರೆ. ಜಿಮ್‌ಗೆ ಹೋಗುವ ಹುಡುಗರು ಅರ್ಧ ನಿಮಿಷಕ್ಕೇ ನಡುಗಿದ್ದನ್ನು ನೋಡಿದ್ದೇನೆ. ಸಿಕ್ಸ್‌ಪ್ಯಾಕ್ ಬೇರೆ, ದಮ್ಮು ಬೇರೆ. ಅಡಿಕೆ ಕೊನೆ ಕೊಯ್ಯಲು ಮರದಿಂದ ಮರಕ್ಕೆ ದಾಟುವ ಕೊನೆಗೌಡರೊಬ್ಬರಿಗೆ ಇದೇ ಪರೀಕ್ಷೆ ಮಾಡಿದಾಗ ನಾನೇ ಸಾಕು ಮಾರಾಯ್ರೇ ಅನ್ನಬೇಕಾಯ್ತು!

ವ್ಯಾಯಾಮ ದೊಡ್ಡದೇನಲ್ಲ. ಹತ್ತು ಹತ್ತು ಸೆಕೆಂಡಿನ ಪ್ಲ್ಯಾಂಕ್ ಹಲವು ಸಲ, ಪುಶ್‌ಅಪ್‌ನ ಕೊನೆಗೆ ಬೆನ್ನನ್ನು ಇನ್ನಷ್ಟು ಮೇಲೆ ತಳ್ಳುವುದು. ಬಿದ್ದು ಶುರುವಾದ ನೋವು, ಕೈ ಜೋಮು, ನಿದ್ದೆ ಕೆಡಿಸುವ ನೋವು ಇದ್ದರೆ ಮಾತ್ರ ಮೊದಲು ಮೂಳೆ ಡಾಕ್ಟರ ಹತ್ತಿರ ಹೋಗಿ.

ಕಷ್ಟದ್ದು ಬೇರೆ ಇದೆ. "ಆರು ವಾರ ಸ್ಮ್ಯಾಶ್ ಬೇಡ, ಚೆಂಡು ಎತ್ತಿ ಕೊಡೋ ಲಿಫ್ಟರ್ ಆಗಿ ಆಡು" ಅಂದ ಕೂಡಲೇ ಮುಖ ಸಣ್ಣದಾಗುತ್ತದೆ. "ಬರೋ ಶನಿವಾರದ್ದೊಂದು ಆಡಿ ಬಿಡ್ತೆ ಸರ್."