ಮೀನೂಟದ ಹೋಟೆಲು: ಯಾವ ಮೀನು ಕೇಳಬೇಕು, ಹೇಗೆ ಮಾಡಿಸಬೇಕು

ಮಂಗಳೂರು, ಮಲ್ಪೆ, ಗಂಗೊಳ್ಳಿ ಕಡೆಯ ಮೀನೂಟದ ಹೋಟೆಲಿಗೆ ಹೊರಗಿನಿಂದ ಬಂದವರು ಕೂತ ಕೂಡಲೇ ಹೇಳುವುದು ಅಂಜಲ್ (ಸುರಮಾಯಿ) ತವಾ ಫ್ರೈ, ಇಲ್ಲವೇ ಮಾಂಜಿ (ಪಾಂಫ್ರೆಟ್). ಎರಡೂ ಒಳ್ಳೆಯ ಮೀನುಗಳೇ, ತಕರಾರಿಲ್ಲ. ಆದರೆ ದುಡ್ಡು ಹೆಚ್ಚು ಕೊಟ್ಟಷ್ಟೂ ಮೀನು ತಾಜಾ ಸಿಗುತ್ತದೆ ಎಂಬ ಲೆಕ್ಕ ಬೋಟುಗಳು ಮೀನು ಇಳಿಸುವ ದಕ್ಕೆಯಲ್ಲಿ ನಡೆಯುವುದಿಲ್ಲ. ಮೀನು ಯಾವ ಬೋಟಿನಲ್ಲಿ ಬಂತು, ಎಷ್ಟು ದಿನ ಐಸಿನಲ್ಲಿ ಕೂತಿತ್ತು ಎಂಬುದರ ಮೇಲೆ ರುಚಿ ನಿಂತಿದೆ.

ಆಳಸಮುದ್ರಕ್ಕೆ ಹೋಗಿ ಬಲೆ ಎಳೆಯುವ ಟ್ರಾಲ್ ಬೋಟುಗಳು ಒಂದು ಸಲ ಹೊರಟರೆ ಎಂಟು-ಹತ್ತು ದಿನ ನೀರಿನಲ್ಲೇ ಇರುತ್ತವೆ. ಮೊದಲ ದಿನ ಹಿಡಿದ ಮೀನೂ ಕೊನೆಯ ದಿನ ಹಿಡಿದದ್ದೂ ಒಟ್ಟಿಗೇ ದಡ ಸೇರುತ್ತವೆ. ಐಸ್ ಸರಿಯಾಗಿ ಹಾಕಿದ್ದರೆ ಅದರಲ್ಲೇನೂ ದೋಷವಿಲ್ಲ, ಆದರೂ ಮೀನಿನ ಸಿಹಿ ಅಷ್ಟಿಷ್ಟು ಇಳಿದಿರುತ್ತದೆ. ಮೀನಿನ ಗುಂಪನ್ನು ಬಲೆಯಿಂದ ಸುತ್ತುವರಿದು ಹಿಡಿಯುವ ಪರ್ಸೀನ್ ಬೋಟುಗಳೂ ನಾಡದೋಣಿಗಳೂ ಹಾಗಲ್ಲ. ಅವು ಹೆಚ್ಚಾಗಿ ಹೋದ ದಿನವೇ ಮರಳುತ್ತವೆ, ತರುವುದು ಬಂಗುಡೆ, ಬೂತಾಯಿ (ಸಾರ್ಡೀನ್), ಕೊಡ್ಡೆಯಿ ಮೀನು. ಬೆಳಗ್ಗೆ ಏಲಂ ಆದ ಬಂಗುಡೆ ಮಧ್ಯಾಹ್ನ ಹೋಟೆಲಿನ ಕಾವಲಿಯ ಮೇಲಿರುತ್ತದೆ. ಹಾಗಾಗಿ ಪಟ್ಟಿಯಲ್ಲಿ ಅತಿ ಅಗ್ಗದ ಮೀನೇ ಎಷ್ಟೋ ದಿನ ಅತಿ ತಾಜಾ ಮೀನೂ ಆಗಿರುತ್ತದೆ.

ಇದು ಮೀನುಗಾರಿಕೆ ನಡೆಯುವ ತಿಂಗಳುಗಳ ಮಾತು. ಜೂನ್ 1ರಿಂದ ಜುಲೈ 31ರ ವರೆಗೆ, ಅಂದರೆ 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳಿಗೆ ನಿಷೇಧ. ಆಗ ಕಡಲಿಗಿಳಿಯುವುದು ಸಣ್ಣ ಎಂಜಿನ್ನಿನ ನಾಡದೋಣಿ ಮಾತ್ರ, ಅದೂ ಅಲೆ ಬಿಟ್ಟುಕೊಟ್ಟ ದಿನ. ಪೂರ್ವ ಕರಾವಳಿಯ ನಿಷೇಧ ಏಪ್ರಿಲ್ 15ರಿಂದ ಜೂನ್ 14ರ ವರೆಗೆ ಇರುವುದರಿಂದ, ಜೂನ್ ನಡುವಿನ ನಂತರ ಆ ಕಡೆಯ ಮೀನು ಲಾರಿಯಲ್ಲಿ ಬರತೊಡಗುತ್ತದೆ. ಜೂನ್-ಜುಲೈ ತಿಂಗಳಲ್ಲಿ ‘ಇವತ್ತಿನ ಅಂಜಲ್’ ಎಂದರೆ ನಂಬಬೇಡಿ. ಬದಲಿಗೆ ಅಳಿವೆಯ ಏಡಿ, ಹೊಳೆಯ ಸಿಗಡಿ, ನಾಡದೋಣಿಯ ಮೀನು ಏನಾದರೂ ಉಂಟಾ ಎಂದು ಕೇಳಿ. ಮಳೆ ಕಳೆದ ಮೇಲಿನ ಬೂತಾಯಿಯಂತೂ ಬೇರೆಯದೇ ಮೀನು. ಆಗ ಅದರ ಮೈಯಲ್ಲಿ ಎಣ್ಣೆ ತುಂಬಿರುತ್ತದೆ, ಕಾವಲಿಗೆ ಹಾಕಿದರೆ ತನ್ನ ಕೊಬ್ಬಿನಲ್ಲೇ ಅರ್ಧ ಬೇಯುತ್ತದೆ.

ಸಪ್ಲೈಯರ್ ಹತ್ತಿರ ‘ಯಾವುದು ಚೆನ್ನಾಗಿದೆ’ ಅಂದರೆ ‘ಎಲ್ಲ ಒಳ್ಳೇದುಂಟು’ ಎಂಬ ಉತ್ತರ ಬರುತ್ತದೆ. ‘ಇವತ್ತು ಬೆಳಗ್ಗೆ ಬಂದದ್ದು ಯಾವುದು, ಐಸಿನದ್ದು ಯಾವುದು’ ಎಂದು ಕೇಳಿ ನೋಡಿ. ಪ್ರಶ್ನೆ ಇಷ್ಟು ಸ್ಪಷ್ಟವಾಗಿದ್ದರೆ ಹೆಚ್ಚಿನವರು ನಿಜವನ್ನೇ ಹೇಳುತ್ತಾರೆ. ಮೀನಿನ ಟ್ರೇ ತಂದು ತೋರಿಸುವ ಹೋಟೆಲಾದರೆ ಬಂಗುಡೆಯ ಕಣ್ಣು ನೋಡಿ: ಉಬ್ಬಿ ಹೊಳೆಯುತ್ತಿರಬೇಕು, ಒಳಕ್ಕೆ ಕುಸಿದು ಹಾಲುಬಣ್ಣಕ್ಕೆ ತಿರುಗಿರಬಾರದು. ಬೂತಾಯಿಗೆ ಹೊಟ್ಟೆಯೇ ಪರೀಕ್ಷೆ. ಅದರ ಕರುಳಿನ ರಸ ಒಳಗಿನಿಂದಲೇ ಮಾಂಸವನ್ನು ಕರಗಿಸುವುದರಿಂದ, ಹಳತಾದ ಬೂತಾಯಿಯ ಹೊಟ್ಟೆ ತಾನಾಗಿ ಒಡೆದಿರುತ್ತದೆ. ಕೆಲವು ಕಡೆ ಮೀನಿಗೆ ಮಸಾಲೆ ಹಚ್ಚಿಯೇ ಟ್ರೇಯಲ್ಲಿಡುತ್ತಾರೆ. ಆಗ ಮೀನಿಗಿಂತ ಟ್ರೇಯ ತಳ ನೋಡಿ. ಮಸಾಲೆ ಗಟ್ಟಿಯಾಗಿ ಅಂಟಿಕೊಂಡಿದ್ದರೆ ಹಚ್ಚಿ ಹೆಚ್ಚು ಹೊತ್ತಾಗಿಲ್ಲ. ತಳದಲ್ಲಿ ಕೆಂಪು ನೀರು ನಿಂತಿದ್ದರೆ ಉಪ್ಪು ಗಂಟೆಗಟ್ಟಲೆ ಮೀನಿನ ನೀರೆಳೆದಿದೆ ಎಂದರ್ಥ. ಅಂಥ ಮೀನು ಕಾವಲಿಯಲ್ಲಿ ಒಣಗಿ ನಾರಾಗುತ್ತದೆ.

ಅಡುಗೆಯವರ ಕೈ ನೋಡಬೇಕೆಂದಿದ್ದರೆ ಬಂಗುಡೆ ತವಾ ಫ್ರೈ ತರಿಸಿ. ಅದರಲ್ಲಿ ಏನನ್ನೂ ಮುಚ್ಚಿಡಲು ಬರುವುದಿಲ್ಲ. ಒಂದು ಕಿಲೋ ಬಂಗುಡೆಗೆ ಹದಿನೈದು-ಇಪ್ಪತ್ತು ಬ್ಯಾಡಗಿ ಮೆಣಸು, ಒಂದು ದೊಡ್ಡ ಚಮಚ ಕೊತ್ತಂಬರಿ ಬೀಜ, ಒಂದು ಸಣ್ಣ ಚಮಚ ಜೀರಿಗೆ, ಎಂಟು-ಹತ್ತು ಎಸಳು ಬೆಳ್ಳುಳ್ಳಿ, ಸಣ್ಣ ನಿಂಬೆ ಗಾತ್ರದ ಹುಣಸೆ, ಅರಸಿನ, ಉಪ್ಪು. ನೀರು ಆದಷ್ಟು ಕಡಿಮೆ ಹಾಕಿ ನುಣ್ಣಗೆ ಅರೆದು, ಅಂಟಿಗೆ ಒಂದು ಚಮಚ ಅಕ್ಕಿಹಿಟ್ಟು ಸೇರಿಸಬೇಕು. ಮೀನಿನ ಎರಡೂ ಬದಿಗೆ ಮೂರು ಮೂರು ಗೀರು, ಮುಳ್ಳು ತಾಗುವಷ್ಟು ಆಳಕ್ಕೆ. ಮಸಾಲೆ ಹಚ್ಚಿ ಅರ್ಧ ಗಂಟೆ ಬಿಟ್ಟರೆ ಸಾಕು, ಹುಳಿಯಲ್ಲಿ ಅದಕ್ಕಿಂತ ಬಹಳ ಹೊತ್ತು ಕೂತರೆ ಮಾಂಸ ಸುಣ್ಣದ ಹಾಗೆ ಪುಡಿಪುಡಿಯಾಗುತ್ತದೆ. ದಪ್ಪ ಕಬ್ಬಿಣದ ಕಾವಲಿ, ತೆಂಗಿನೆಣ್ಣೆ, ಮಧ್ಯಮ ಉರಿ. ಒಂದು ಬದಿ ನಾಲ್ಕೈದು ನಿಮಿಷ ಮುಟ್ಟದೆ ಬಿಟ್ಟು, ಒಂದೇ ಸಲ ತಿರುವಬೇಕು.

ತಪ್ಪುವುದು ಇಲ್ಲೇ. ಉರಿ ಜೋರಾದರೆ ಹೊರಗೆ ಮಸಾಲೆ ಕರಟಿ ಕಹಿಯಾಗುತ್ತದೆ, ಒಳಗೆ ಮುಳ್ಳಿನ ಬುಡದಲ್ಲಿ ರಕ್ತ ಹಸಿಯಾಗೇ ಉಳಿಯುತ್ತದೆ. ಒಂದು ಗಂಟೆಯಿಂದ ಎರಡು ಗಂಟೆಯ ನಡುವೆ ಹೋಟೆಲು ತುಂಬಿರುವಾಗ ಕಾವಲಿಯ ಮೇಲೆ ಜಾಗವಿಲ್ಲದಂತೆ ಮೀನು ಒಟ್ಟುತ್ತಾರೆ. ಕಾವಲಿ ತಣಿಯುತ್ತದೆ, ಮೀನು ನೀರು ಬಿಡುತ್ತದೆ, ಹುರಿಯುವ ಬದಲು ಬೇಯುತ್ತದೆ, ಮಸಾಲೆ ಕಾವಲಿಗೇ ಅಂಟಿ ಉಳಿಯುತ್ತದೆ. ಇನ್ನು ಕೆಲವರು ಗಡಿಬಿಡಿ ತಪ್ಪಿಸಲು ಮೊದಲೇ ಮುಕ್ಕಾಲು ಹುರಿದಿಟ್ಟು, ಕೇಳಿದಾಗ ಬಿಸಿ ಮಾಡಿ ಕೊಡುತ್ತಾರೆ. ಹೇಳಿದ ಮೂರೇ ನಿಮಿಷಕ್ಕೆ ಇಡೀ ಬಂಗುಡೆ ಬಂದು, ಬಾಲದ ಕಡೆ ಕಡ್ಡಿಯಂತೆ ಗಟ್ಟಿಯಾಗಿದ್ದರೆ ಅದೇ ಆಗಿರುತ್ತದೆ. ಹೊಸದಾಗಿ ಹುರಿಯಲು ಹನ್ನೆರಡು-ಹದಿನೈದು ನಿಮಿಷ ಬೇಕೇ ಬೇಕು. ಹನ್ನೆರಡೂವರೆಯ ಒಳಗೆ ಹೋಗಿ ಕೂತರೆ ಈ ಎಲ್ಲ ತೊಂದರೆ ಅರ್ಧಕ್ಕರ್ಧ ತಪ್ಪುತ್ತದೆ.

ರವಾ ಫ್ರೈ ಕಾಣೆಗೆ (ಲೇಡಿಫಿಶ್), ಬೊಂಡಾಸಿಗೆ (ಸ್ಕ್ವಿಡ್), ಬೊಳಂಜಿರ್ ಮೀನಿಗೆ ಚೆನ್ನ. ಬಂಗುಡೆಗೆ ರವೆ ಹಾಕುವುದು ನನಗೆ ಸರಿ ಕಾಣುವುದಿಲ್ಲ, ಮೀನಿನ ಎಣ್ಣೆಯನ್ನೆಲ್ಲ ರವೆ ಹೀರಿ ಭಾರವಾಗುತ್ತದೆ. ರವೆ ಹೊರಳಿಸಿದ ಮೀನನ್ನು ಕೂಡಲೇ ಹುರಿಯಬೇಕು, ಹತ್ತು ನಿಮಿಷ ಕಳೆದರೂ ಒದ್ದೆಯಾಗಿ ಗರಿಗರಿ ಬರುವುದಿಲ್ಲ.

ಸಾರಿನ ವಿಷಯದಲ್ಲಿ ಹೊತ್ತು ನೋಡಿಕೊಳ್ಳಿ. ಗಸಿ ಎಂಬ ಗಟ್ಟಿ ಸಾರಿಗೆ ಹಸಿ ತೆಂಗಿನಕಾಯಿ ಅರೆದು ಹಾಕುತ್ತಾರೆ. ಕರಾವಳಿಯ ಸೆಕೆಗೆ ಬೆಳಗ್ಗೆ ಮಾಡಿದ ಗಸಿ ಸಂಜೆಯಾಗುವಾಗ ಹುಳಿಯತೊಡಗುತ್ತದೆ, ಮತ್ತೆ ಮತ್ತೆ ಕುದಿಸಿದರೆ ಮೀನು ಚೂರುಚೂರು. ಹಾಗಾಗಿ ಗಸಿ ಮಧ್ಯಾಹ್ನಕ್ಕೆ, ಕುಚ್ಚಲಕ್ಕಿ ಅನ್ನದ ಜೊತೆಗೆ. ರಾತ್ರಿ ಊಟಕ್ಕಾದರೆ ಹುಳಿ-ಖಾರದ ಸಾರು ಪುಳಿಮುಂಚಿ ಹೇಳಿ. ಅದಕ್ಕೆ ಕಾಯಿ ಇಲ್ಲ, ಹುಣಸೆ ಮತ್ತು ಮೆಣಸಿನ ಬಲವೇ ಅದನ್ನು ಕಾಯುತ್ತದೆ. ಬೂತಾಯಿ ಪುಳಿಮುಂಚಿ ಅರ್ಧ ದಿನ ಕೂತ ಮೇಲೆಯೇ ಹುಳಿ-ಖಾರ ಹಿಡಿದು ರುಚಿಯಾಗುವುದು. ಕಾರವಾರ, ಅಂಕೋಲಾ ಕಡೆ ಹೋದರೆ ಬಂಗುಡೆಗೆ ಜುಮ್ಮನಕಾಯಿ ಎಂಬ ಮಸಾಲೆ ಕಾಯಿ ಹಾಕಿದ ಸಾರು ಸಿಗುತ್ತದೆ, ಬಿಡಬೇಡಿ. ನಾಲಗೆ ಸ್ವಲ್ಪ ಜುಮ್ಮೆನ್ನುವುದು ಆ ಕಾಯಿಯ ಸಹಜ ಗುಣ.

ಆದರೆ ಅಂಥ ಕಾಯಿ ಹಾಕದ ಬಂಗುಡೆ, ಕೇದರ್ (ಟ್ಯೂನಾ), ಬೂತಾಯಿ ತಿನ್ನುವಾಗ ನಾಲಗೆ ಚುರುಗುಟ್ಟಿ ಕಾಳುಮೆಣಸು ಅಗಿದ ಹಾಗಾದರೆ ಅಲ್ಲಿಗೇ ನಿಲ್ಲಿಸಿ. ಐಸಿಲ್ಲದೆ ಬಿಸಿಲಲ್ಲಿ ಉಳಿದ ಈ ಜಾತಿಯ ಮೀನುಗಳಲ್ಲಿ ಹಿಸ್ಟಮೀನ್ ಎಂಬ ವಸ್ತು ಸೇರಿಕೊಳ್ಳುತ್ತದೆ, ಎಷ್ಟು ಬೇಯಿಸಿದರೂ ಅದು ಹೋಗುವುದಿಲ್ಲ. ಕೆಲವೇ ನಿಮಿಷದಿಂದ ಒಂದೆರಡು ಗಂಟೆಯೊಳಗೆ ಮುಖ ಕೆಂಪಾಗುವುದು, ತಲೆನೋವು, ತುರಿಕೆ ಶುರುವಾಗಬಹುದು. ಉಸಿರು ಕಟ್ಟಿದಂತಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಸಿಗಡಿ, ಏಡಿಯ ಅಲರ್ಜಿ ಇದ್ದವರು ಮೀನು ಮಾತ್ರ ಹೇಳಿದರೂ ಸಾಲದು. ಸಿಗಡಿ ಹುರಿದ ಕಾವಲಿ, ಅದೇ ಎಣ್ಣೆ ಮೀನಿಗೂ ಬಳಕೆಯಾಗುತ್ತದೆ ಎಂಬುದು ನೆನಪಿರಲಿ.

ಚಿಪ್ಪಿನ ಜೀವಿ, ಬೊಂಡಾಸ್, ಸಿಗಡಿಯ ಬಗ್ಗೆ ಎರಡು ಮಾತು. ಮರುವಾಯಿ ಸುಕ್ಕದಲ್ಲಿ (ಕಪ್ಪೆಚಿಪ್ಪಿನ ಒಣ ಪಲ್ಯ) ಮರಳು ಕಟಕಟ ಎಂದರೆ ಸರಿಯಾಗಿ ತೊಳೆದಿಲ್ಲ, ಬೆಂದ ಮೇಲೂ ಬಾಯಿ ಬಿಡದ ಚಿಪ್ಪನ್ನು ಬದಿಗಿಡಿ. ಬೊಂಡಾಸನ್ನು ಎರಡು-ಮೂರು ನಿಮಿಷ ಹುರಿಯಬೇಕು, ಇಲ್ಲವೇ ಅರ್ಧ ಗಂಟೆ ಮೀರಿ ಬೇಯಿಸಬೇಕು. ನಡುವೆ ಇಳಿಸಿದರೆ ರಬ್ಬರ್. ಘೀ ರೋಸ್ಟಿನ ಮಸಾಲೆಯನ್ನು ತುಪ್ಪದಲ್ಲಿ ನಿಧಾನಕ್ಕೆ ಹುರಿದು, ಸಿಗಡಿಯನ್ನು ಕೊನೆಯ ನಾಲ್ಕು ನಿಮಿಷಕ್ಕೆ ಸೇರಿಸಿದ್ದರೆ ಅದು ಮೆತ್ತಗೆ ಪುಟಿಯುತ್ತದೆ. ಬಿಗಿಯಾಗಿ ಉಂಗುರದಂತೆ ಸುತ್ತಿಕೊಂಡಿದ್ದರೆ ಬೇಯಿಸಿದ್ದು ಹೆಚ್ಚಾಗಿದೆ.

ಪಟ್ಟಿಯಲ್ಲಿ ಬೆಲೆಯ ಜಾಗದಲ್ಲಿ ‘ಗಾತ್ರದ ಮೇಲೆ’ ಎಂದಿದ್ದರೆ, ಮೀನು ಕಾವಲಿಗೆ ಬೀಳುವ ಮೊದಲೇ ರೇಟು ಕೇಳಿ: ತುಂಡಿಗೋ, ತೂಕಕ್ಕೋ, ತೂಕವಾದರೆ ಕ್ಲೀನ್ ಮಾಡುವ ಮೊದಲಿನದ್ದೋ ನಂತರದ್ದೋ. ಏಡಿಯಲ್ಲಂತೂ ತೂಕದ ಬಹುಪಾಲು ಚಿಪ್ಪೇ. ಗಾತ್ರಕ್ಕಿಂತ ಕೈಗೆ ಭಾರ ಅನಿಸುವ ಏಡಿಯನ್ನೇ ಆರಿಸಿ. ಹಗುರವಾದದ್ದು ಚಿಪ್ಪು ಕಳಚಿ ಹೆಚ್ಚು ದಿನವಾಗದ್ದು, ಒಳಗೆ ಬರೀ ನೀರಿರುತ್ತದೆ.

ಮಕ್ಕಳಿಗೆ ಅಂಜಲಿನ ತುಂಡು ಅಥವಾ ಕಾಣೆ ಕೊಡಿ. ಕಾಣೆಯ ಬೆನ್ನಿನುದ್ದಕ್ಕೆ ಬೆರಳಿನಿಂದ ಒತ್ತಿ ಎರಡು ಹೋಳು ಮಾಡಿದರೆ ನಡುಮುಳ್ಳು ತಲೆಯ ಸಮೇತ ಒಂದೇ ಎಳೆತಕ್ಕೆ ಬರುತ್ತದೆ. ಬೂತಾಯಿ ಅಭ್ಯಾಸವಿದ್ದವರಿಗೆ ಮಾತ್ರ. ಗಂಟಲಿಗೆ ಮುಳ್ಳು ಸಿಕ್ಕಿದರೆ ಅನ್ನದ ಉಂಡೆಯನ್ನೋ ಬಾಳೆಹಣ್ಣನ್ನೋ ನುಂಗಿಸುವ ರೂಢಿ ಮನೆಮನೆಯಲ್ಲಿದೆ. ದಯವಿಟ್ಟು ಹಾಗೆ ಮಾಡಬೇಡಿ, ಮುಳ್ಳು ಇನ್ನಷ್ಟು ಆಳಕ್ಕೆ ನಾಟಿಕೊಳ್ಳಬಹುದು. ಮೆಲ್ಲಗೆ ಕೆಮ್ಮಿಸಿ ನೋಡಿ, ಬಾರದಿದ್ದರೆ ಊಟ ನಿಲ್ಲಿಸಿ ಕಿವಿ-ಮೂಗು-ಗಂಟಲಿನ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ.