ಪೋಷಕರಿಗೆ ಆಸಕ್ತಿಯೇ ಇಲ್ಲ, ತರಗತಿಗೆ ಕರೆಯೋದು ಹೇಗೆ?

ಪ್ರಶ್ನೆ: ನಾನು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ಹೊಸದಾಗಿ ಸೇರಿದ ಶಿಕ್ಷಕಿ. ಪೋಷಕರನ್ನು ತರಗತಿಯ ಕೆಲಸದಲ್ಲಿ ಸೇರಿಸಿಕೊಳ್ಳಿ ಅಂತ ತರಬೇತಿಯಲ್ಲಿ ಹೇಳುತ್ತಾರೆ. ನಮ್ಮೂರಿನ ಪೋಷಕರಲ್ಲಿ ಹೆಚ್ಚಿನವರು ಓದಿಲ್ಲ. ಸಭೆ ಕರೆದರೆ ಅರವತ್ತು ಮನೆಯಿಂದ ಆರು ಜನ ಬರುತ್ತಾರೆ. ಆಸಕ್ತಿಯೇ ಇಲ್ಲದವರನ್ನು ಸೇರಿಸಿಕೊಳ್ಳುವುದು ಹೇಗೆ?

ಉತ್ತರ: ಪ್ರತಿ ವರ್ಷ ಮೊದಲ ಪೋಷಕರ ಸಭೆ ಮುಗಿದ ವಾರಕ್ಕೆ ಈ ಪ್ರಶ್ನೆ ನನ್ನ ಮನೆ ಬಾಗಿಲಿಗೆ ಬರುತ್ತದೆ. ಊರಿನ ಹೆಸರು ಬೇರೆ ಇರುತ್ತದೆ, ಆ ಆರು ಜನರ ಲೆಕ್ಕ ಮಾತ್ರ ಹಾಗೇ ಇರುತ್ತದೆ. ನಾನು ಮಂಡ್ಯದ ಕಡೆಯ ಹಳ್ಳಿ ಶಾಲೆಗಳಲ್ಲಿ ಇಪ್ಪತ್ತಾರು ವರ್ಷ ಪಾಠ ಮಾಡಿದವನು. ಮೊದಲ ಐದಾರು ವರ್ಷ ನಾನೂ ಇದೇ ಮಾತು ಆಡುತ್ತಿದ್ದೆ. ಹಾಗಾಗಿ ನಿಮ್ಮನ್ನು ಬೈಯೋಕೆ ಬಾಯಿ ಬರುತ್ತಿಲ್ಲ. ಆದರೂ ಸ್ವಲ್ಪ ಬೈಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಚಿಕ್ಕ ಉತ್ತರ ಬೇಕಿದ್ದರೆ ಇಲ್ಲಿದೆ. ಸಭೆಯ ದಿನ ಬದಲಾಯಿಸಿ. ಅವರಿಗೆ ಗೊತ್ತಿರುವ ಕೆಲಸವನ್ನು ಮಕ್ಕಳಿಗೆ ತೋರಿಸಿ ಅಂತ ಕರೆಯಿರಿ. ಬಂದವರಿಗೆ ಕುರ್ಚಿ ಹಾಕಿ. ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ನಿಮ್ಮ ಕೊನೆಯ ಸಾಲಿನಲ್ಲಿ ‘ಆಸಕ್ತಿಯೇ ಇಲ್ಲದವರು’ ಅಂತ ಒಂದು ಮಾತು ಕೂತಿದೆ. ಅದು ಎದ್ದು ಹೋಗುವ ತನಕ ನಾನು ಏನು ಹೇಳಿದರೂ ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ.

ಒಂದು ಕೇಳುತ್ತೇನೆ. ನಿಮ್ಮ ಸಭೆ ಎಷ್ಟು ಗಂಟೆಗಿತ್ತು? ಬೆಳಿಗ್ಗೆ ಹನ್ನೊಂದಕ್ಕೆ, ಅಲ್ವಾ? ಅದೂ ನಾಟಿ ಕಾಲದಲ್ಲಿ. 2025–26ರಲ್ಲಿ ನಮ್ಮ ರಾಜ್ಯದಲ್ಲಿ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ನಿಮ್ಮ ಅರ್ಧ ಗಂಟೆಯ ಸಭೆಗೆ ಒಬ್ಬ ತಾಯಿ ಒಂದು ದಿನದ ಕೂಲಿ ಬಿಟ್ಟು ಬರಬೇಕು. ಹತ್ತು ಗಂಟೆಗೆ ಗದ್ದೆಗೆ ಇಳಿದವರು ಹನ್ನೊಂದಕ್ಕೆ ಕಾಲು ತೊಳೆದು ಬಂದು, ಹನ್ನೆರಡಕ್ಕೆ ಮತ್ತೆ ಇಳಿಯುತ್ತೇನೆ ಅಂದರೆ ಯಾವ ಗದ್ದೆಯವರು ಒಪ್ಪುತ್ತಾರೆ? ನಮ್ಮ ಸಂಬಳದಲ್ಲಿ ಒಂದು ದಿನದ್ದು ಹಿಡಿದುಕೊಂಡು ಸಭೆಗೆ ಬನ್ನಿ ಅಂದಿದ್ದರೆ ನಾವೆಷ್ಟು ಜನ ಹೋಗುತ್ತಿದ್ದೆವು?

ಇನ್ನೊಂದು. ಅದೇ ಶಾಲೆಯ ವಾರ್ಷಿಕೋತ್ಸವಕ್ಕೆ ಎಷ್ಟು ಜನ ಬಂದಿದ್ದರು? ಮಗಳು ಕೋಲಾಟ ಆಡುತ್ತಾಳೆ ಅಂದರೆ ಅಜ್ಜಿಯಿಂದ ಹಿಡಿದು ಕಂಕುಳ ಕೂಸಿನವರೆಗೆ ಎಲ್ಲರೂ ಬಂದು ಚಾಪೆ ಹಿಡಿದಿರುತ್ತಾರೆ. ಆಸಕ್ತಿ ಇಲ್ಲದವರು ರಾತ್ರಿ ಹನ್ನೊಂದರವರೆಗೆ ಮಂಜಿನಲ್ಲಿ ಕೂರುತ್ತಾರಾ? ಅಲ್ಲಿ ಅವರ ಮಗು ಏನೋ ಮಾಡಿ ತೋರಿಸುತ್ತದೆ. ಸಭೆಯಲ್ಲಿ ನಾವು ಅವರ ಮಗುವಿನ ಮೇಲೆ ದೂರು ಹೇಳುತ್ತೇವೆ. ಬರೆಯಲ್ಲ, ಓದಲ್ಲ, ಚೇಷ್ಟೆ ಜಾಸ್ತಿ, ನೀವು ಮನೆಯಲ್ಲಿ ಗಮನ ಕೊಡಬೇಕು. ಎರಡು ಸಲ ಇದನ್ನು ನಿಂತುಕೊಂಡು ಕೇಳಿದವರು ಮೂರನೇ ಸಲ ಯಾಕೆ ಬರಬೇಕು?

‘ತಾಯಿಯೇ ಮೊದಲ ಗುರು’ ಅಂತ ಗೋಡೆಗೆ ಚೆಂದವಾಗಿ ಬರೆಸುತ್ತೇವೆ. ಅದೇ ಗೋಡೆಯ ಕೆಳಗೆ ಆ ತಾಯಿಯನ್ನು ನಿಲ್ಲಿಸಿ ‘ನಿಮಗೆ ಗೊತ್ತಾಗಲ್ಲ ಬಿಡಮ್ಮ’ ಅನ್ನುತ್ತೇವೆ. ನಾನೇ ಅಂದಿದ್ದೇನೆ.

ಕಾನೂನಿನ ಮಾತೂ ಬೇಕಿದ್ದರೆ ಕೇಳಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಕಲಂನಲ್ಲಿ ಶಿಕ್ಷಕರ ಕೆಲಸಗಳ ಪಟ್ಟಿ ಇದೆ. ಪೋಷಕರ ಜೊತೆ ಆಗಾಗ ಸಭೆ ಮಾಡಿ ಮಗುವಿನ ಹಾಜರಾತಿ, ಕಲಿಕೆ, ಪ್ರಗತಿ ತಿಳಿಸಬೇಕು ಅಂತ ಅಲ್ಲಿ ಬರೆದಿದೆ. ತಿಳಿಸಬೇಕಾದವರು ನಾವು. ಅವರು ಬರದಿದ್ದರೆ ಅವರದೇ ತಪ್ಪು ಅಂತ ಅದರಲ್ಲಿ ಎಲ್ಲೂ ಇಲ್ಲ. 21ನೇ ಕಲಂ ಶಾಲಾ ಸಮಿತಿಯದ್ದು, ನಮ್ಮಲ್ಲಿ ಎಸ್‌ಡಿಎಂಸಿ ಅನ್ನುತ್ತೇವಲ್ಲ, ಅದು. ಅದರಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು. ಇಷ್ಟು ಓದಿರಬೇಕು ಅನ್ನೋ ಷರತ್ತು ಆ ಕಲಂನಲ್ಲಿ ಇಲ್ಲ. ಆದರೆ ಎಸ್‌ಡಿಎಂಸಿ ಸಭೆಯಲ್ಲಿ ನಾವು ಮಾತಾಡೋದು ಏನು? ಸೋರುವ ಚಾವಣಿ, ಕಾಂಪೌಂಡು, ಬಿಸಿಯೂಟದ ತೊಗರಿಬೇಳೆ. ನಡಾವಳಿ ಪುಸ್ತಕಕ್ಕೆ ಸಹಿ, ಒಂದು ಕಾಫಿ, ಮುಗೀತು. ತರಗತಿಯ ಬಾಗಿಲ ಒಳಗೆ ಪೋಷಕರಿಗೆ ಏನು ಕೆಲಸ ಅನ್ನೋದು ಚರ್ಚೆಗೇ ಬರುವುದಿಲ್ಲ.

ಪೋಷಕರಿಗೆ ಆಸಕ್ತಿ ಇಲ್ಲ ಅನ್ನೋದು ಮಿಥ್ಯೆಯ ಮೊದಲ ಅರ್ಧ. ಈಗ ಎರಡನೇ ಅರ್ಧಕ್ಕೆ ಬರೋಣ. ಓದಿಲ್ಲದವರು ಬಂದರೂ ಏನು ಉಪಯೋಗ ಅನ್ನೋದು.

ಏಳನೇ ತರಗತಿಗೆ ತ್ರಿಭುಜದ ಪಾಠ ಮಾಡುತ್ತಿದ್ದೆ. ಲಂಬಕೋನ ತ್ರಿಭುಜ, ಎರಡು ಬಾಹುಗಳ ವರ್ಗಗಳ ಮೊತ್ತ, ವಿಕರ್ಣದ ವರ್ಗ. ಮೂರು ದಿನ ಬೋರ್ಡಿನ ಮೇಲೆ ಬರೆದೆ, ಮಕ್ಕಳು ಬರೆದುಕೊಂಡರು. ತಲೆಗೆ ಇಳಿಯಲಿಲ್ಲ. ಒಬ್ಬ ಹುಡುಗನ ಅಪ್ಪ ಗಾರೆ ಕೆಲಸದವರು. ಮೂರನೇ ತರಗತಿಗೇ ಶಾಲೆ ಬಿಟ್ಟವರು. ಮೂಲೆ ಮಟ್ಟ ಮಾಡೋದು ಹೇಗೆ ಅಂತ ಮಕ್ಕಳಿಗೆ ತೋರಿಸಿ ಅಂದೆ. ‘ನಾನೇನ್ ಹೇಳ್ಕೊಡ್ಲಿ ಮೇಷ್ಟ್ರೇ, ನಂಗೆ ಮಾತಾಡಾಕ್ ಬರಲ್ಲ’ ಅಂದರು. ಮಾತು ಬೇಡ, ಕೆಲಸ ಮಾಡಿ ಸಾಕು ಅಂದೆ.

ಶನಿವಾರ ಬೆಳಗಿನ ಶಾಲೆ. ಎಂಟು ಗಂಟೆಗೆ ದಾರ, ಟೇಪು, ನಾಲ್ಕು ಮೊಳೆ ತಂದರು. ಅಂಗಳದಲ್ಲಿ ಒಂದು ಮೊಳೆ ಹೊಡೆದು, ಅಲ್ಲಿಂದ ಎರಡು ಕಡೆಗೆ ದಾರ ಎಳೆದರು. ಒಂದರ ಮೇಲೆ ಮೂರು ಅಡಿಗೆ ಸುಣ್ಣದ ಗುರುತು, ಇನ್ನೊಂದರ ಮೇಲೆ ನಾಲ್ಕು ಅಡಿಗೆ. ಆಮೇಲೆ ಗುರುತಿನಿಂದ ಗುರುತಿಗೆ ಟೇಪು ಹಿಡಿಯಿರಿ ಅಂತ ಇಬ್ಬರು ಹುಡುಗಿಯರಿಗೆ ಹೇಳಿದರು. ಐದಡಿ ಮೂರಂಗುಲ ಬಂತು. ‘ಮೂಲೆ ಬಾಯಿ ಬಿಟ್ಟದೆ’ ಅಂತ ಒಂದು ದಾರವನ್ನು ಸ್ವಲ್ಪ ಒಳಗೆ ಸರಿಸಿದರು. ಮತ್ತೆ ಅಳತೆ. ಸರಿಯಾಗಿ ಐದು ಬಂತು. ‘ಈಗ ಮೂಲೆ ಕೂತ್ತು ನೋಡ್ರಿ.’ ಹುಡುಗರು ಬಿಡಲಿಲ್ಲ, ಆರು, ಎಂಟು, ಹತ್ತು ಹಾಕಿ ನೋಡಿದರು. ಅದೂ ಕೂತಿತು.

ಆಮೇಲೆ ಒಳಗೆ ಬಂದು 9, 16, 25 ಅಂತ ಬೋರ್ಡಿನ ಮೇಲೆ ಬರೆದೆ. ಆ ದಿನ ನಾನು ಮಾಡಿದ ಕೆಲಸ ಅಷ್ಟೇ. ಆ ಮನುಷ್ಯ ಬಾಗಿಲಲ್ಲಿ ನಿಂತು, ‘ಇದಕ್ಕೆ ಹೆಸರು ಬೇರೆ ಅದಾ ಮೇಷ್ಟ್ರೇ?’ ಅಂತ ಕೇಳಿದರು. ಪೈಥಾಗೊರಸ್ ಅಂದೆ. ‘ನಮ್ ಮೇಸ್ತ್ರಿ ಹೇಳೇ ಇರ್ಲಿಲ್ಲ’ ಅಂದರು. ಆಮೇಲಿನ ಸಭೆಗಳಿಗೆ ಅವರು ತಪ್ಪಿಸಿಕೊಂಡದ್ದು ನನಗೆ ನೆನಪಿಲ್ಲ.

ಇದೊಂದೇ ಸಲ ಆದದ್ದಲ್ಲ. ಹೂ ಕಟ್ಟುವ ಮೂವರು ತಾಯಂದಿರನ್ನು ನಾಲ್ಕನೇ ತರಗತಿಗೆ ಕರೆದು ಒಂದೇ ಮಾಲೆಯನ್ನು ಮೊಳದಲ್ಲಿ ಅಳೆಸಿ. ಮೂರು ಲೆಕ್ಕ ಬರುತ್ತದೆ, ಯಾಕಂದರೆ ಮೂರು ಕೈ. ಮೀಟರು ಯಾಕೆ ಬೇಕಾಯಿತು ಅಂತ ಮಕ್ಕಳೇ ಹೇಳುತ್ತಾರೆ. ನಾಲ್ಕು ಚಟಾಕಿಗೆ ಒಂದು ಪಾವು, ನಾಲ್ಕು ಪಾವಿಗೆ ಒಂದು ಸೇರು ಅಂತ ರಾಗಿ ಅಳೆದು ತೋರಿಸೋಕೆ ಒಬ್ಬ ಅಜ್ಜಿ ಸಾಕು, ಭಿನ್ನರಾಶಿ ಸುಲಭವಾಗುತ್ತದೆ. ಯಾವ ಮಳೆಗೆ ಏನು ಬಿತ್ತುತ್ತಾರೆ ಅನ್ನೋದನ್ನು ಪಠ್ಯಪುಸ್ತಕಕ್ಕಿಂತ ಚೆನ್ನಾಗಿ ಹೇಳುವವರು ನಿಮ್ಮೂರಿನಲ್ಲಿ ಹತ್ತು ಜನ ಇದ್ದಾರೆ. ಒಗಟು ಹೇಳುವ ಅಜ್ಜಿ ಸಿಕ್ಕರಂತೂ ಬಿಡಲೇಬೇಡಿ. ‘ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ’ ಅಂದರೆ ಇಡೀ ತರಗತಿ ಮಲ್ಲಿಗೆ ಅಂತ ಕೂಗುತ್ತದೆ. ಆಮೇಲೆ ತಾವೇ ಒಗಟು ಕಟ್ಟೋಕೆ ಶುರು ಮಾಡುತ್ತಾರೆ.

ಒಂದರಿಂದ ಮೂರನೇ ತರಗತಿಯವರೆಗೆ ನಲಿಕಲಿ ಇದ್ದರೆ ಇನ್ನೂ ಸುಲಭ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ, ಆಟ-ಚಟುವಟಿಕೆಯ ಮೂಲಕ ಕಲಿಸುವ ಪದ್ಧತಿ ಅದು. ‘ಬರೀ ಆಟ ಆಡಿಸ್ತಾರೆ, ಪಾಠ ಮಾಡಲ್ಲ’ ಅನ್ನೋ ದೂರು ಇವತ್ತಿಗೂ ನಿಂತಿಲ್ಲ. ದೂರುವವರನ್ನೇ ಕರೆದು ಒಂದು ಅವಧಿ ಮಕ್ಕಳ ಪಕ್ಕ ಕೂರಿಸಿ. ಕಲಿಕೆಯ ಮೆಟ್ಟಿಲುಗಳನ್ನು ತೋರಿಸೋಕೆ ಗೋಡೆಯ ಮೇಲೆ ಹಾಕಿರುವ ಕಲಿಕಾ ಏಣಿಯಲ್ಲಿ ಅಕ್ಷರದ ಜೊತೆ ಚಿತ್ರಗಳೂ ಇರುತ್ತವೆ. ‘ನಿಮ್ಮ ಮಗಳು ಹೋದ ತಿಂಗಳು ಇಲ್ಲಿದ್ದಳು, ಈಗ ಇಲ್ಲಿದ್ದಾಳೆ’ ಅಂತ ಬೆರಳಿಟ್ಟು ತೋರಿಸಿ. ಅದನ್ನು ಓದೋಕೆ ಅಕ್ಷರ ಬೇಕಿಲ್ಲ.

ಮನೆಯಲ್ಲಿ ಏನು ಮಾಡಿಸಬೇಕು ಅನ್ನುತ್ತೀರಾ? ಅಮ್ಮ ಮುದ್ದೆ ತಿರುವುವಾಗ ಮಗು ಪಕ್ಕದಲ್ಲಿ ಕೂತು ಒಂದು ಪುಟ ಜೋರಾಗಿ ಓದಲಿ. ಅಮ್ಮ ಒಂದೇ ಪ್ರಶ್ನೆ ಕೇಳಲಿ: ‘ಆಮೇಲೇನಾಯ್ತು?’ ಸಾಕು.

ಸಮಯದ ವಿಷಯ ಬೇಗ ಮುಗಿಸುತ್ತೇನೆ. ನಮ್ಮ ಕಡೆ ಸಂಜೆ ಡೈರಿಗೆ ಹಾಲು ಹಾಕೋಕೆ ಎಲ್ಲ ಮನೆಯವರೂ ಬರುತ್ತಾರೆ. ಒಂದು ವರ್ಷ ನಾನು ಸಭೆಯನ್ನು ಡೈರಿಯ ಜಗಲಿ ಮೇಲೇ ಇಟ್ಟೆ. ಕ್ಯಾನು ಕೈಯಲ್ಲಿ ಹಿಡಿದೇ ನಲವತ್ತು ಜನ ಕೇಳಿದರು. ವಾಟ್ಸಾಪ್ ಗುಂಪಿನಲ್ಲಿ ಉದ್ದುದ್ದ ಬರೆದು ಹಾಕಬೇಡಿ, ಅರ್ಧ ನಿಮಿಷ ಮಾತಾಡಿ ಕಳಿಸಿ. ಅದೂ ದೂರಿಲ್ಲದ ಮಾತು. ಬೆಂಗಳೂರಿಗೆ ದುಡಿಯೋಕೆ ಹೋದ ಅಪ್ಪನೂ ಕೇಳಿಸಿಕೊಳ್ಳುತ್ತಾನೆ.

ನೀವು ಕೇಳದೇ ಇದ್ದ ಒಂದು ಪ್ರಶ್ನೆಗೂ ಉತ್ತರಿಸಿಬಿಡುತ್ತೇನೆ, ಮನಸ್ಸು ತಡೆಯುತ್ತಿಲ್ಲ. ಪೇಟೆಯ ಪೋಷಕರು ಚೆನ್ನಾಗಿ ಸೇರಿಕೊಳ್ಳುತ್ತಾರಲ್ಲ, ಅವರನ್ನು ನೋಡಿ ಕಲಿಯಬಾರದಾ ಅಂತ ಕೆಲವರು ಅಂದುಕೊಳ್ಳುತ್ತಾರೆ. ನನ್ನ ತಂಗಿ ಮೈಸೂರಿನಲ್ಲಿದ್ದಾಳೆ. ಅವಳ ಮಗ ಐದನೇ ತರಗತಿ. ಹೋದ ವರ್ಷ ‘ಸೌರಮಂಡಲ ಪ್ರಾಜೆಕ್ಟ್’ ಅಂತ ಕೊಟ್ಟಿದ್ದರು. ರಾತ್ರಿ ಹನ್ನೊಂದು ಗಂಟೆಗೆ ನನ್ನ ತಂಗಿ ಥರ್ಮಾಕೋಲ್ ಕೊಯ್ಯುತ್ತಿದ್ದಳು, ಭಾವ ಶನಿಗ್ರಹಕ್ಕೆ ಉಂಗುರ ಅಂಟಿಸುತ್ತಿದ್ದರು, ಹುಡುಗ ಸೋಫಾದ ಮೇಲೆ ಗೊರಕೆ ಹೊಡೆಯುತ್ತಿದ್ದ. ಪ್ರಾಜೆಕ್ಟಿಗೆ ಹತ್ತಕ್ಕೆ ಒಂಬತ್ತು ಅಂಕ ಬಂತು. ಆ ಒಂದು ಅಂಕ ಯಾಕೆ ಹೋಯಿತು ಅಂತ ತಂಗಿ ಶಾಲೆಗೇ ಹೋಗಿ ಕೇಳಿ ಬಂದಳು. ಶನಿ ಎಷ್ಟನೇ ಗ್ರಹ ಅಂತ ಹುಡುಗನನ್ನು ನಾನು ಕೇಳಿದೆ. ‘ಅಮ್ಮಂಗೆ ಗೊತ್ತು ಮಾವ’ ಅಂದ.

ನಿಮ್ಮ ಮುಂದಿನ ಸಭೆ ಯಾವತ್ತು ಅಂತ ಬರೆದಿಲ್ಲ. ಸಂತೆ ದಿನ ಯಾವುದು ಅಂತ ಮೊದಲು ವಿಚಾರಿಸಿಕೊಳ್ಳಿ.