ಪದ ಪರಿಚಯ: ಫೋರ್‌ಕ್ಲೋಷರ್

ಗೃಹಸಾಲವನ್ನು ಬೇಗ ತೀರಿಸಿದವರು ‘ಲೋನ್ ಫೋರ್‌ಕ್ಲೋಸ್ ಮಾಡಿದೆ’ ಎನ್ನುತ್ತಾರೆ. ಕಂತು ಕಟ್ಟಲಾಗದೆ ಮನೆ ಹರಾಜಿಗೆ ಬಂದಾಗಲೂ ‘ಫೋರ್‌ಕ್ಲೋಷರ್’ ಎಂದೇ ಬರೆಯುತ್ತಾರೆ. ಋಣ ಹರಿದದ್ದಕ್ಕೂ ಮನೆ ಹೋದದ್ದಕ್ಕೂ ಒಂದೇ ಪದ! ಬ್ಯಾಂಕುಗಳೇ ‘ಫೋರ್‌ಕ್ಲೋಷರ್ ಚಾರ್ಜ್’ ಎಂದು ಮುದ್ರಿಸಿ ಈ ಗೊಂದಲವನ್ನು ಬೆಳೆಸಿವೆ. ಮೊದಲನೆಯದಕ್ಕೆ ‘ಅವಧಿಪೂರ್ವ ಮರುಪಾವತಿ’ ಎಂದರೆ ಸಾಕು. ಬದಲಾಗುವ ಬಡ್ಡಿದರದ ಗೃಹಸಾಲವನ್ನು ವ್ಯಕ್ತಿಗಳು ಹೀಗೆ ತೀರಿಸಿದರೆ ದಂಡ ಹಾಕಬಾರದೆಂದು ರಿಸರ್ವ್ ಬ್ಯಾಂಕ್ 2012ರಲ್ಲೇ ಬ್ಯಾಂಕುಗಳಿಗೆ ಸೂಚಿಸಿದೆ.

ತಪ್ಪು ಹುಟ್ಟುವುದು ‘ಫೋರ್’ ಎಂಬಲ್ಲಿ. ‘ಫೋರ್‌ಕಾಸ್ಟ್’ನಲ್ಲಿರುವ, ‘ಮುಂಚೆ’ ಎಂಬರ್ಥದ ಫೋರ್ ಇದಲ್ಲ. ಇದು ಹಳೆಯ ಫ್ರೆಂಚಿನಿಂದ ಬಂದದ್ದು. ಅದರ ಹಿಂದಿರುವುದು ‘ಹೊರಗೆ’ ಎಂಬರ್ಥದ ಲ್ಯಾಟಿನ್ ‘ಫೋರಿಸ್’. ‘ಫಾರಿನ್’ ಕೂಡ ಅದೇ ಬೇರಿನದು. ಅದಕ್ಕೆ ‘ಮುಚ್ಚು’ ಸೇರಿದರೆ, ಹೊರಗಿಟ್ಟು ಬಾಗಿಲು ಹಾಕುವುದು. ಹೊರಗುಳಿಯುವವನು ಸಾಲಗಾರ. ಇಂಗ್ಲೆಂಡಿನಲ್ಲಿ ಗಡುವು ತಪ್ಪಿದವನ ಜಮೀನು ಸಾಲ ಕೊಟ್ಟವನ ಪಾಲಾಗುತ್ತಿತ್ತು. ಚಾನ್ಸರಿ ನ್ಯಾಯಾಲಯ ಇದು ಅನ್ಯಾಯವೆಂದು, ತಡವಾದರೂ ಹಣ ಕಟ್ಟಿ ಬಿಡಿಸಿಕೊಳ್ಳಲು ಅವಕಾಶ ಕೊಟ್ಟಿತು. ಆದರೆ ಎಷ್ಟು ಕಾಲ ಕಾಯುವುದು? ಆ ಹಕ್ಕಿಗೆ ಕೊನೆ ಹಾಡುವ ಆದೇಶವೇ ಫೋರ್‌ಕ್ಲೋಷರ್. ಆಮೇಲೆ ಜಮೀನು ಪೂರ್ತಿ ಸಾಲ ಕೊಟ್ಟವನದೇ. ನಮ್ಮ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 67ನೇ ಕಲಮಿನಲ್ಲೂ ಇದೇ ಅರ್ಥ.

ಆದರೆ ಆ ಕಲಮು ಈ ದಾರಿಯನ್ನು ತೆರೆದಿಟ್ಟಿರುವುದು ಮುಖ್ಯವಾಗಿ ಷರತ್ತಿನ ಕ್ರಯದ ಅಡಮಾನಕ್ಕೆ, ಅಂದರೆ ಸಾಲ ತೀರಿದರೆ ಮರಳಿಸಬೇಕೆಂಬ ಷರತ್ತಿನ ಮೇಲೆ ಆಸ್ತಿಯನ್ನು ಮಾರಿದಂತೆ ಬರೆದುಕೊಟ್ಟ ಸಾಲಕ್ಕೆ. ಹಕ್ಕುಪತ್ರ ಇಟ್ಟುಕೊಂಡು ಸಾಲ ಕೊಟ್ಟ ಬ್ಯಾಂಕು ಮಾಡಬಹುದಾದದ್ದು ಮಾರಾಟ. ಅಂದರೆ ಸಾಮಾನ್ಯ ಗೃಹಸಾಲದಲ್ಲಿ ಕಟ್ಟುನಿಟ್ಟಿನ ಅರ್ಥದ ಫೋರ್‌ಕ್ಲೋಷರ್ ಇಲ್ಲವೇ ಇಲ್ಲ. ಈ ವ್ಯತ್ಯಾಸಕ್ಕೆ ಹಣದ ಬೆಲೆಯಿದೆ: ಸಾಲ, ಖರ್ಚು ಕಳೆದು ಹರಾಜಿನಲ್ಲಿ ಉಳಿದದ್ದು ಮನೆಯವರದು, ಕಡಿಮೆ ಬಿದ್ದರೆ ಆ ಬಾಕಿಯೂ ಅವರದೇ. ‘ಮನೆ ಪೂರ್ತಿ ಬ್ಯಾಂಕಿನದಾಗುತ್ತದೆ’ ಎಂದು ಹೆದರಿದವರು ಮೊದಲು ಬಂದವನಿಗೆ ಮೂರು ಕಾಸಿಗೆ ಬಿಟ್ಟುಕೊಡುತ್ತಾರೆ.

ಕೋರ್ಟಿಗೆ ಹೋಗದೆಯೇ ಅಡವಿಟ್ಟ ಆಸ್ತಿ ಮಾರಿ ಬಾಕಿ ವಸೂಲು ಮಾಡಲು ಬ್ಯಾಂಕಿಗೆ ಅಧಿಕಾರ ಕೊಡುವ 2002ರ ಸರ್ಫೇಸಿ ಕಾಯ್ದೆಯಡಿ ನಡೆಯುವುದು ಹೀಗೆ. ಬಾಕಿ 90 ದಿನ ದಾಟಿದರೆ ಖಾತೆ ಎನ್‌ಪಿಎ, ಅಂದರೆ ಕೆಟ್ಟ ಸಾಲ. ನಂತರ 60 ದಿನಗಳ ನೋಟಿಸು. ಇದಕ್ಕೆ ಲಿಖಿತ ಆಕ್ಷೇಪಣೆ ಕೊಟ್ಟರೆ ಬ್ಯಾಂಕು 15 ದಿನಗಳಲ್ಲಿ ಉತ್ತರಿಸಲೇಬೇಕು; ಹೆಚ್ಚಿನವರು ಕೊಡುವುದೇ ಇಲ್ಲ. ಬಳಿಕ ಸ್ವಾಧೀನ. ಅದನ್ನು ಪ್ರಶ್ನಿಸಿ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಲು 45 ದಿನ. ಹರಾಜಿನ ಸುತ್ತಿಗೆ ಬೀಳುವವರೆಗೂ ಹಣ ಕಟ್ಟಿ ಬಿಡಿಸಿಕೊಳ್ಳಬಹುದೆಂಬ ನಂಬಿಕೆ ಹಳತು. 2016ರ ತಿದ್ದುಪಡಿಯ ನಂತರ ಹರಾಜಿನ ಪ್ರಕಟಣೆ ಹೊರಬೀಳುವ ಮುನ್ನವೇ ಪೂರ್ತಿ ಬಾಕಿ ಕಟ್ಟಿರಬೇಕು. 2023ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಬಾಗಿಲು ಮುಚ್ಚುವ ಕ್ಷಣ ನಮ್ಮಲ್ಲಿ ಇದು.

‘ಫೋರ್‌ಕ್ಲೋಷರ್‌ನಿಂದ ಪಾರು ಮಾಡುತ್ತೇವೆ’ ಎನ್ನುವ ಹೂಡಿಕೆದಾರರನ್ನು ಅಳೆಯಬೇಕಾದದ್ದೂ ಈ ನಿಯಮಗಳಿಂದಲೇ. ‘ಸಾಲ ನಿಮ್ಮ ಹೆಸರಿನಲ್ಲೇ ಇರಲಿ, ಮನೆ ನನ್ನ ಹೆಸರಿಗೆ ಬರಲಿ’ ಎಂಬ ಅಮೆರಿಕದ ‘ಕ್ರಿಯೇಟಿವ್’ ತಂತ್ರ ಇಲ್ಲಿ ನಡೆಯದು: 60 ದಿನಗಳ ನೋಟಿಸು ಬಂದ ಮೇಲೆ ಬ್ಯಾಂಕಿನ ಲಿಖಿತ ಒಪ್ಪಿಗೆಯಿಲ್ಲದೆ ಮನೆ ಮಾರುವಂತಿಲ್ಲ. ಜಿಪಿಎ (ಮಾಲೀಕರ ಪರವಾಗಿ ವ್ಯವಹರಿಸುವ ಅಧಿಕಾರಪತ್ರ) ಬರೆಸಿಕೊಂಡರೆ ಒಡೆತನ ಬದಲಾಗದೆಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಎಲ್ಲಕ್ಕಿಂತ ಕೆಟ್ಟದ್ದು, ‘ಈಗ ಕ್ರಯಪತ್ರ ಮಾಡಿಕೊಡಿ, ಆಮೇಲೆ ವಾಪಸ್ ಬರೆದುಕೊಡುತ್ತೇನೆ’ ಎಂಬ ಮಾತು. ಮರಳಿಸುವ ಷರತ್ತು ಅದೇ ಕ್ರಯಪತ್ರದೊಳಗೆ ಇರದಿದ್ದರೆ ಕಾನೂನು ಅದನ್ನು ಅಡಮಾನವೆಂದು ಒಪ್ಪದು. ಬೇರೆ ಕಾಗದದಲ್ಲಿ ಬರೆಸಿಕೊಂಡವರಿಗೆ ಬಿಡಿಸಿಕೊಳ್ಳುವ ಹಕ್ಕೇ ಉಳಿಯುವುದಿಲ್ಲ.

ನಿಜವಾದ ನೆರವು ಸಪ್ಪೆಯಾಗಿರುತ್ತದೆ. ಮೊದಲು ಬ್ಯಾಂಕಿನಿಂದ ಬಾಕಿಯ ಲಿಖಿತ ಲೆಕ್ಕ ಪಡೆದು, ಒಂದೇ ಕಂತಿನ ಇತ್ಯರ್ಥಕ್ಕೆ ಅವಕಾಶವಿದೆಯೇ ಎಂದು ಕೇಳುವುದು. ಆಗದಿದ್ದರೆ ಬ್ಯಾಂಕು, ಮನೆಯವರು, ಕೊಳ್ಳುವವರು ಮೂವರೂ ಸಹಿ ಹಾಕಿದ ಒಪ್ಪಂದ. ಕೊಳ್ಳುವವರ ಹಣದಲ್ಲಿ ಬಾಕಿಯಷ್ಟು ನೇರವಾಗಿ ಸಾಲದ ಖಾತೆಗೆ, ಮಿಕ್ಕದ್ದು ಮನೆಯವರ ಖಾತೆಗೆ. ಬ್ಯಾಂಕು ಋಣಮುಕ್ತ ಪತ್ರ ಮತ್ತು ಮೂಲ ದಾಖಲೆಗಳನ್ನು ಕೊಟ್ಟ ದಿನವೇ ನೋಂದಣಿ.